ಎರಡು ಎಡಗೈಯ ಗಿರಾಕಿ

ಬಾಯಲ್ಲಿ ಗುಂಡುಸೂಜಿ ಇದೆ, ಉಗುಳು ನುಂಗಬಾರದು, ಮೊದಲು ಅದನ್ನು ತೆಗೆದು ಸೂಜಿದಿಂಬಿಗೆ ಚುಚ್ಚಬೇಕು — ನಾಲಿಗೆ ಹುಡುಕುತ್ತದೆ, ಈ ದವಡೆ, ಆ ದವಡೆ, ಕೆಳತುಟಿಯ ಒಳಗೆ, ಎಲ್ಲಿಯೂ ಇಲ್ಲ, ಬೆರಳು ಹಾಕಿ ತಡವಿದರೂ ಇಲ್ಲ, ಇರುವುದು ರುಚಿ ಮಾತ್ರ, ಬರೀ ಕಬ್ಬಿಣದ ರುಚಿ, ಕೊರೋನಾ ಬಂದಾಗ ಕೊಟ್ಟ ಆ ಮಾತ್ರೆ ನುಂಗಿ ಮುಗಿಸಿ ತಿಂಗಳುಗಳೇ ಆದವು, ರುಚಿ ಮಾತ್ರ ಹೋಗು ಎಂದರೂ ಹೋಗದೆ ಗಟ್ಟಿಯಾಗಿ ಕೂತುಬಿಟ್ಟಿದೆ. ಇಷ್ಟು ವರ್ಷ ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಕೆಲಸ ಮಾಡಿದವಳು ನಾನು, ಸೂಜಿಗೊಂದು ರುಚಿ ಇದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ಈಗ ಸೂಜಿ ಇಲ್ಲ, ರುಚಿ ಇದೆ, ಇದೊಳ್ಳೆ ಕಥೆ. ಇರಲಿ, ಬಟ್ಟೆ ನೋಡು, ಬಟ್ಟೆ. ಮೇಜಿನ ಮೇಲೆ ಹಾಸಿರುವ ಕಪ್ಪು ಬಟ್ಟೆ, ಮಗಳ ಕೋಟಿಗೆ ತಂದದ್ದು, ಸೋಮವಾರ ಅವಳು ಇದನ್ನು ತೊಟ್ಟು ಕೋರ್ಟಿನಲ್ಲಿ ಮೊದಲ ಸಲ ತಾನೇ ಎದ್ದು ನಿಂತು ವಾದ ಮಾಡಬೇಕು, ಇಷ್ಟು ದಿನ ದೊಡ್ಡ ವಕೀಲರ ಹಿಂದೆ ಫೈಲು ಹಿಡಿದು ನಿಂತವಳು, ಗೆಳತಿಯ ಹಳೆಯ ಕೋಟು ತೊಟ್ಟು ನಿಂತವಳು, ಅದು ಅವಳ ಹೆಗಲಿನಿಂದ ಜೋತುಬಿದ್ದದ್ದನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲೇ ಅದನ್ನು ಬಿಚ್ಚಿ ಮತ್ತೆ ಕತ್ತರಿಸುತ್ತಿದ್ದೆ, ಬಟ್ಟೆ ಕತ್ತರಿಸುವವಳ ಮಗಳು ಬೇರೆ ಯಾರದೋ ಅಳತೆಯ ಕೋಟಿನಲ್ಲಿ. ಅಮ್ಮಾ, ರೆಡಿಮೇಡ್ ತಗೋತೀನಿ ಬಿಡು, ನಿನಗ್ಯಾಕೆ ಈಗ ತೊಂದರೆ ಅಂದಳು, ಆ ಈಗ ಎಂಬ ಮಾತನ್ನು ಎಷ್ಟು ಮೆತ್ತಗೆ ಅಂದಳು, ಮೆತ್ತಗೆ ಅಂದದ್ದೇ ಚುಚ್ಚಿತು. ಈಗ ಏನಾಗಿದೆ ನನಗೆ, ಕೈಯಿಲ್ಲವೇ, ಕಣ್ಣಿಲ್ಲವೇ, ಸೋಮವಾರಕ್ಕೆ ಕೋಟು ಕೊಡದಿದ್ದರೆ ನನ್ನ ಕತ್ತರಿ ತಗೊಂಡು ಹೋಗಿ ಗುಜರಿಗೆ ಹಾಕು ಎಂದೆ. ಅಂದದ್ದೇನೋ ಅಂದೆ, ಈಗ ಶುಕ್ರವಾರದ ಮಧ್ಯಾಹ್ನ, ಬಟ್ಟೆಗೆ ಇನ್ನೂ ಕತ್ತರಿ ತಾಗಿಲ್ಲ.

ಮಾತ್ರೆ ಕೊಟ್ಟದ್ದು ಕೆಳಗಿನ ಔಷಧಿ ಅಂಗಡಿಯವನೇ, ನಮ್ಮ ಈ ಹೊಲಿಗೆ ಕೋಣೆ ಅವನ ತಲೆಯ ಮೇಲೆ, ತಂಗಿ ಮಷಿನ್ ತುಳಿದರೆ ಅವನ ಸೀಸೆಗಳು ಗಿಲಗಿಲ ಅನ್ನುತ್ತವೆ ಎಂದು ಅವನ ದೂರು. ಡಾಕ್ಟರ ಚೀಟಿ ನೋಡಿ, ಅಕ್ಕಾ, ಶುಗರ್ ಬೇರೆ ಇದೆಯಲ್ಲ ನಿಮಗೆ, ಇದನ್ನ ಇವತ್ತೇ ಶುರು ಮಾಡಿ, ಒಂದೂ ತಪ್ಪಿಸಬೇಡಿ ಅಂದ, ಒಂದೂ ತಪ್ಪಿಸಲಿಲ್ಲ, ಉದ್ದುದ್ದ ಮಾತ್ರೆಗಳು, ಹೊತ್ತುಹೊತ್ತಿಗೆ ಒಂದು ಹಿಡಿ, ಕಿಟಕಿಯ ಪಕ್ಕ ಒಬ್ಬಳೇ ಮಲಗಿದ್ದೆ, ಮನೆಯವರು ಬಾಗಿಲಾಚೆ ತಟ್ಟೆ ಇಟ್ಟು ದೂರ ಸರಿದು ಕೆಮ್ಮುತ್ತಿದ್ದರು, ಅವರಿಗೂ ಬಂದಿತ್ತು, ಬಂದ ದಾರಿಯಲ್ಲೇ ಹೋಯಿತು, ಮೂಗು ಸೋರಿತು, ನಿಂತಿತು, ಮತ್ತೆ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದತೊಡಗಿದರು, ಅಷ್ಟೇ. ನನ್ನ ಮಾತ್ರೆಯೂ ತನ್ನ ಕೆಲಸ ಮಾಡಿತು, ಅದನ್ನು ದೂರಲಾರೆ, ಜ್ವರ ಇಳಿಯಿತು, ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮಾಯವಾಯಿತು, ಬಾಗಿಲು ತೆಗೆದು ಹೊರಗೆ ಬಂದು ಮಗಳನ್ನು ಅಪ್ಪಿಕೊಂಡೆ, ಎಷ್ಟು ಬಿಗಿಯಾಗಿ ಅಂದರೆ, ಅಮ್ಮಾ ಉಸಿರಾಡೋಕೆ ಬಿಡು ಅಂದಳು. ವಾರ ಕಳೆಯುವುದರೊಳಗೆ ಮತ್ತೆ ಗಂಟಲು ಕೆರೆತ, ಮತ್ತೆ ಅದೇ ಗುಲಾಬಿ ಗೆರೆ. ಕೆಲವರಿಗೆ ಹೀಗಾಗುತ್ತೆ, ಈ ಮಾತ್ರೆ ಮುಗಿದ ಮೇಲೆ ಒಂದು ಸಲ ಮರಳಿ ಬರುತ್ತೆ, ತಾನಾಗೇ ಹೋಗುತ್ತೆ, ಗಾಬರಿ ಆಗಬೇಡಿ ಅಂದರು ಡಾಕ್ಟರು. ಹೊರಟ ನೆಂಟರು ಮರೆತ ಛತ್ರಿಗೆ ವಾಪಸ್ ಬಂದ ಹಾಗೆ ಬಂತು, ಹೋಯಿತು, ಆದರೆ ಹೋಗುವಾಗ ಛತ್ರಿಯ ಜೊತೆ ನನ್ನದೇನನ್ನೋ ಎತ್ತಿಕೊಂಡು ಹೋಯಿತು, ಏನನ್ನು ಎಂದು ಕೇಳಿದರೆ ಹೇಳಲು ಬರುವುದಿಲ್ಲ, ರಕ್ತ ತೆಗೆದು ನೋಡಿದರು, ಎದೆಗೆ ವೈರು ಹಚ್ಚಿ ನೋಡಿದರು, ರಿಪೋರ್ಟ್ ಎಲ್ಲ ನಾರ್ಮಲ್, ರಿಪೋರ್ಟಿಗೆ ಏನೂ ಆಗಿಲ್ಲ, ಸಂತೋಷ. ಮನಸ್ಸಿಗೆ ಹಚ್ಕೋಬೇಡ, ನೀನು ಅಂದ್ಕೊಂಡ್ರೆ ಆಯಿತು ಅನ್ನುತ್ತಾರೆ ಮನೆಯವರು, ಹಾಗನ್ನುವವರೇ ಈಗ ಕೆಲಸಕ್ಕೆ ಹೋಗುವ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಮಾಡಿ ಬರುತ್ತಾರೆ, ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ, ಆ ದಿನ ಹಾಲಿಟ್ಟು ಮರೆತಿದ್ದೆ, ಪಾತ್ರೆ ಸುಟ್ಟು ಕರಕಲಾಗಿ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವವರೆಗೆ ನನ್ನ ಮೂಗಿಗೆ ಏನೂ ಗೊತ್ತಾಗಿರಲಿಲ್ಲ.

ಕತ್ತರಿಸು, ಕತ್ತರಿಸು, ಕೂತು ಕೊರಗಿದರೆ ಕೋಟಾಗುವುದಿಲ್ಲ. ತಂಗಿ ಲೈನಿಂಗು, ಗುಂಡಿ ತರಲು ಹೋಗಿದ್ದಾಳೆ, ಅವಳು ಬರುವುದರೊಳಗೆ ಎಲ್ಲ ತುಂಡು ಕತ್ತರಿಸಿ ಅವಳ ಮಷಿನ್ ಪಕ್ಕ ಜೋಡಿಸಿಟ್ಟಿರಬೇಕು, ನೋಡಲಿ, ಅಕ್ಕನ ಕೈ ಇನ್ನೂ ಓಡುತ್ತದೆ ಎಂದು. ಕತ್ತರಿಸುವುದು ನಾನು, ಹೊಲಿಯುವುದು ಅವಳು, ಶುರುವಿನಿಂದ ಹಾಗೇ, ನಾನು ಕೊಟ್ಟ ತುಂಡನ್ನು ಅವಳು ತಿರುಗಿಸಿ ಕೂಡ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಸೂಜಿಯ ಕೆಳಗೆ ತಳ್ಳುತ್ತಿದ್ದಳು. ಬೆನ್ನಿನ ತುಂಡು, ಕತ್ತರಿ ಬಟ್ಟೆಯೊಳಗೆ ಇಳಿಯುವ ಆ ಸದ್ದು, ಮೇಜಿನ ಮೇಲೆ ಅದರ ಕೆಳದವಡೆ ಉಜ್ಜಿಕೊಂಡು ಸಾಗುವ ಸದ್ದು, ಇದೊಂದು ಮಾತ್ರ ಮೊದಲಿನ ಹಾಗೇ ಇದೆ. ಮುಂದಿನ ಎರಡು ತುಂಡು, ಮಗಳಿಗೆ ಬಲಹೆಗಲು ಒಂದು ಎಳೆ ತಗ್ಗು, ಶಾಲೆಯ ಚೀಲ ಯಾವಾಗಲೂ ಆ ಹೆಗಲಿಗೇ ನೇತುಹಾಕುತ್ತಿದ್ದಳು, ಬೇಡವೇ ಎಂದರೆ ಕೇಳಿದವಳಲ್ಲ, ಯಾವ ರೆಡಿಮೇಡ್ ಕೋಟಿಗೆ ಗೊತ್ತು ಇದು, ನನಗೆ ಗೊತ್ತು, ಟೇಪು ಬೇಡ ನನಗೆ ಇವಳ ಅಳತೆಗೆ. ಮೊನ್ನೆ ಟೇಪು ಎನ್ನುವ ಮಾತೇ ಬಾಯಿಗೆ ಬರಲಿಲ್ಲ, ಅದು ಕೊಡೇ, ಆ ಉದ್ದದ್ದು, ಅಳೆಯೋದು ಎಂದೆ ತಂಗಿಗೆ, ನನ್ನ ಕೊರಳಲ್ಲೇ ಇತ್ತು ಅದು, ಅವಳು ನಗಲಿಲ್ಲ, ಮೊದಲಾದರೆ ಬಿದ್ದುಬಿದ್ದು ನಗುತ್ತಿದ್ದಳು, ವಾರವಿಡೀ ಆಡಿಕೊಳ್ಳುತ್ತಿದ್ದಳು, ಈಗ ಕೊರಳಿನಿಂದ ತೆಗೆದು ಕೈಗೆ ಕೊಟ್ಟು ಮಷಿನ್ ಮುಂದೆ ಹೋಗಿ ಕೂತಳು, ಅವಳು ನಗದೇ ಇದ್ದದ್ದು ನನಗೆ ಹಿಡಿಸಲಿಲ್ಲ.

ಬಟ್ಟೆ ಸಾಲುತ್ತದೆಯೇ — ಸಾಲುತ್ತದೆ, ಸಾಲಬೇಕು, ಆದರೆ ಮಡಚಿ ಹಾಸಿದರೆ ತೋಳು ಹಿಡಿಸುವುದಿಲ್ಲ, ಒಂದೇ ಪದರ ಮಾಡಿ ಹಾಸಿ, ಒಂದು ತೋಳು ಇಲ್ಲಿ, ಇನ್ನೊಂದು ಅದರ ಕೆಳಗೆ, ಹೀಗೆ ಇಕ್ಕಟ್ಟಿನಲ್ಲಿ ಕೂರಿಸಬೇಕು. ಬಟ್ಟೆ ಅಂಗಡಿಯಲ್ಲಿ ತಂಗಿ ಬಡಕೊಂಡಳು, ಅಕ್ಕ, ಒಂದಿಷ್ಟು ಜಾಸ್ತಿನೇ ತಗೊಳ್ಳೋಣ ಕಣೇ, ಕುಗ್ಗುತ್ತೆ ಎಂದು, ನನಗೆ ಸಿಟ್ಟು ಬಂತು, ಈಚೆಗೆ ಬಂದ ಗಿರಾಕಿಗಳಿಗೆಲ್ಲ ಇದೇ ಹಾಡು, ಸ್ವಲ್ಪ ಜಾಸ್ತಿ ಬಟ್ಟೆ ತನ್ನಿ, ಈಗಿನ ಬಟ್ಟೆ ನೀರು ಕಂಡ್ರೆ ಕುಗ್ಗುತ್ತೆ, ಎಲ್ಲಿ ಕಲಿತಳೋ ಈ ಶಾಸ್ತ್ರ, ಗಿರಾಕಿಗಳು ಮುಖಮುಖ ನೋಡಿಕೊಳ್ಳುತ್ತಾರೆ. ನನ್ನ ಮಗಳಿಗೆ ಎಷ್ಟು ಬಟ್ಟೆ ಬೇಕು ಅಂತ ನೀನು ಹೇಳಿಕೊಡ್ತೀಯೇನೇ ನನಗೆ ಎಂದೆ, ಅಂಗಡಿಯವನ ಎದುರಿಗೇ. ನನ್ನ ಲೆಕ್ಕಕ್ಕೆ ತಕ್ಕ ಹಾಗೆ ಕತ್ತರಿಸಿ ಕೊಟ್ಟ, ನಾನು ಬೀದಿಗೆ ಇಳಿದೆ, ಅವಳು ನೂಲು ತಗೊಂಡು ಬರ್ತೀನಿ ಎಂದು ಹಿಂದುಳಿದಳು. ಒಂದನೇ ತೋಳು, ಹೊರಮೈ ಮೇಲಕ್ಕೆ, ತೋಳಿನ ಆಕಾರಕ್ಕೆ ಕತ್ತರಿಸಿಟ್ಟ ಪೇಪರ್ ಇಟ್ಟೆ, ಸುತ್ತ ಚಾಕ್ ಎಳೆದೆ, ಮುಂಗಡೆ ಆಳ, ಹಿಂಗಡೆ ಉಬ್ಬು, ಕತ್ತರಿಸಿದೆ, ಎತ್ತಿ ಪಕ್ಕಕ್ಕಿಟ್ಟೆ, ಚೆಂದ ಬಂದಿದೆ, ಅಂಚು ನೋಡು, ಕಚ್ಚಿದ ಹಾಗಿಲ್ಲ — ಆಗ ಎದೆ ಹೊಡೆದುಕೊಳ್ಳಲು ಶುರುವಿಟ್ಟಿತು. ನಿಂತಲ್ಲೇ ನಿಂತಿದ್ದೇನೆ, ಓಡಿಲ್ಲ, ಹತ್ತಿಲ್ಲ, ಎದೆ ಮಾತ್ರ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿದೆ, ಬೆರಳ ತುದಿ ಜುಂ ಅನ್ನುತ್ತಿದೆ, ಕೂತ್ಕೋ, ಕೂತ್ಕೋ, ಕತ್ತರಿ ಕೆಳಗಿಡು, ಪೇಪರ್ ಅಲ್ಲೇ ಇರಲಿ, ಕೂತ್ಕೋ.

ಕಿಟಕಿ. ಎದುರಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ, ಏಣಿಯ ಮೇಲಿನವನು ಕೆಳಗಿನವನಿಗೆ ಏನೋ ಕೂಗುತ್ತಾನೆ, ಆಗಾಗ ನಗು, ಏಣಿ ಹತ್ತಿ ಇಳಿದು ಹತ್ತಿ ಇಳಿದು ಮತ್ತೆ ನಗುವಷ್ಟು ಉಸಿರು ಅವರಲ್ಲಿದೆ, ಹೊಟ್ಟೆಕಿಚ್ಚಾಗುತ್ತದೆ ನನಗೆ, ಸುಳ್ಳು ಯಾಕೆ ಹೇಳಲಿ. ಇಲ್ಲಿಗೆ ಬರುವ ಮೆಟ್ಟಿಲು ಹತ್ತುವಾಗ ನಾನು ನಡುವೆ ನಿಂತು ಗೋಡೆಯ ಮೇಲಿನ ಔಷಧಿ ಅಂಗಡಿಯ ಬೋರ್ಡು ಓದುವವಳ ಹಾಗೆ ನಟಿಸುತ್ತೇನೆ, ಆ ಬೋರ್ಡನ್ನು ಇಷ್ಟು ಶ್ರದ್ಧೆಯಿಂದ ಓದಿದವರು ಈ ಬೀದಿಯಲ್ಲೇ ಯಾರೂ ಇರಲಾರರು. ಹೇಗಿದ್ದೀರಕ್ಕ ಈಗ, ಅಂಗಡಿಯವನು ಕೇಳುತ್ತಾನೆ, ಚೆನ್ನಾಗಿದ್ದೀನಪ್ಪ, ಗಿರಾಕಿಗಳು ಕೇಳುತ್ತಾರೆ, ಚೆನ್ನಾಗಿದ್ದೀನಿ, ಮಗಳು ಕೇಳುತ್ತಾಳೆ, ಚೆನ್ನಾಗಿದ್ದೀನಿ ಕಣೇ, ಎಷ್ಟು ಸಲ ಅಂದರೂ ಆ ಮಾತು ಸವೆಯುವುದೇ ಇಲ್ಲ. ಶಕ್ತಿ ಎಷ್ಟಿದೆಯೋ ಅದರಲ್ಲಿ ಅರ್ಧ ಕೆಲಸ ಮಾತ್ರ ಮಾಡಿ, ಒಂದು ದಿನ ಹುರುಪು ಬಂತು ಅಂತ ಮೈಮುರಿದು ದುಡಿದರೆ ಮಾರನೆ ದಿನ ಏಳೋಕಾಗಲ್ಲ ಅಂದರು ಡಾಕ್ಟರು, ಅರ್ಧ ಕತ್ತರಿಸಿದ ಅಂಗಿ ಯಾರಿಗೆ ಬೇಕು ಸ್ವಾಮಿ ಎಂದು ಕೇಳಬೇಕೆನ್ನಿಸಿತ್ತು, ಕೇಳಲಿಲ್ಲ. ನನಗೆ ಕತ್ತರಿ ಹಿಡಿಯಲು ಕಲಿಸಿದ ಮಾಸ್ತರು ಇದ್ದಿದ್ದರೆ ಕೇಳುತ್ತಿದ್ದರು, ಅವರ ಬಾಯಿಗೆ ಬೀಗವಿರಲಿಲ್ಲ, ಅವರ ಕೈಕೆಳಗೆ ಕಲಿಯುವಾಗ ಯಾರಾದರೂ ಜೋಡಿ ತಪ್ಪಿಸಿ ಎರಡೂ ಒಂದೇ ಕಡೆಯ ತೋಳು ಕತ್ತರಿಸಿದರೆ ಬಯ್ಯುತ್ತಿರಲಿಲ್ಲ, ಆ ತೋಳನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಇರಲಿ ಬಿಡ್ರಪ್ಪ, ಎರಡೂ ಎಡಗೈ ಇರೋ ಗಿರಾಕಿ ಎಲ್ಲೋ ಒಬ್ಬ ಇರ್ತಾನೆ, ಬಂದ್ರೆ ಇವರ ಹತ್ತಿರಾನೇ ಕಳಿಸ್ತೀನಿ ಅನ್ನುತ್ತಿದ್ದರು, ದಿನವಿಡೀ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ, ಬಂದನೇನೋ ನೋಡು ನಿನ್ನ ಗಿರಾಕಿ ಅನ್ನುತ್ತಿದ್ದರು. ನಾನು ಆ ಗಿರಾಕಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದೇನೋ, ಮೆಟ್ಟಿಲು ಹತ್ತಿ ಬರುತ್ತಾನೆ, ಬಾಗಿಲಲ್ಲಿ ನಿಲ್ಲುತ್ತಾನೆ, ಒಂದು ಎಡಗೈ ಇಲ್ಲಿ, ಬಲಗೈ ಇರಬೇಕಾದ ಕಡೆ ಇನ್ನೊಂದು ಎಡಗೈ, ಹೆಬ್ಬೆರಳು ಹೊರಗಡೆಗೆ. ನನ್ನ ತೋಳು ಒಂದು ಸಲವೂ ಆ ಮೊಳೆಗೆ ಏರಲಿಲ್ಲ, ಮಾಸ್ತರು ತಮ್ಮ ಕತ್ತರಿಯನ್ನು ನನಗೇ ಕೊಟ್ಟು ಹೋದದ್ದು ಅದಕ್ಕೇ.

ಎದೆಬಡಿತ ಇಳಿಯಿತು, ನೀರು ಕುಡಿದೆ, ನೀರಿಗೂ ಸೂಜಿಯ ರುಚಿ, ಏಳು. ಪೇಪರ್ ಬಿಟ್ಟಲ್ಲೇ ಇದೆ, ಕೆಳಕ್ಕೆ ಜಾರಿಸಿದೆ, ಕೂತಿತು, ಎರಡು ಬೆರಳು ಉಳಿಯಿತು ಕೂಡ, ನೋಡಿದೆಯಾ, ಜಾಸ್ತಿ ಬಟ್ಟೆ ಬೇಕಂತೆ ಇವಳಿಗೆ. ಚಾಕ್ ಎಳೆದೆ, ಕತ್ತರಿಸಿದೆ, ಕತ್ತರಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಹಾಡು ಗುನುಗುತ್ತಿದ್ದೆ ಅನ್ನಿಸುತ್ತದೆ, ಬಹಳ ದಿನವಾಗಿತ್ತು ಗುನುಗಿ, ಸೋಮವಾರ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು ಕೋಟಿನ ಕಾಲರು ಸರಿಮಾಡಿಕೊಳ್ಳುವುದನ್ನು ನೋಡುತ್ತಿದ್ದೆ, ನಾನು ಹಿಂದೆ ನಿಂತು ಬೆನ್ನಿನ ಮೇಲೊಮ್ಮೆ ಕೈಯಾಡಿಸುತ್ತೇನೆ, ಅಷ್ಟೇ, ಏನೂ ಹೇಳುವುದಿಲ್ಲ, ಅವಳೇ ಹೇಳಲಿ. ತೋಳು ಎತ್ತಿದೆ, ಮೊದಲಿನ ತೋಳಿನ ಎದುರಿಗೆ ಇಟ್ಟೆ, ಮಾಸ್ತರು ಕಲಿಸಿದ ಹಾಗೆ, ಜೋಡಿ ಎಂದರೆ ಎದುರುಬದುರು ನಿಂತು ಒಂದನ್ನೊಂದು ನೋಡಬೇಕು — ನೋಡುತ್ತಿಲ್ಲ. ಒಂದು ಇನ್ನೊಂದರ ಬೆನ್ನು ನೋಡುತ್ತಿದೆ. ಬೇರೆ ರೀತಿ ಇಟ್ಟೆ, ಸುತ್ತು ತಿರುಗಿಸಿ ಇಟ್ಟೆ, ಮೇಜಿನ ಆಚೆ ಬದಿಗೆ ಹೋಗಿ ಅಲ್ಲಿಂದ ನೋಡಿದೆ, ಎಲ್ಲಿಂದ ನೋಡಿದರೂ ಎರಡೂ ಒಂದೇ ಕಡೆಗೆ ಹೊರಟಿವೆ, ಆಳ ಅದೇ ಕಡೆ, ಉಬ್ಬು ಅದೇ ಕಡೆ. ಪೇಪರ್ ಮಗುಚಲಿಲ್ಲ ನಾನು. ಒಂದೇ ಪದರದಲ್ಲಿ ಕತ್ತರಿಸುವಾಗ ಎರಡನೆಯದಕ್ಕೆ ಪೇಪರ್ ಮಗುಚಬೇಕು, ಮೊದಲ ವಾರದಲ್ಲಿ ಕಲಿಸುವ ಪಾಠ, ಬಿಟ್ಟಲ್ಲಿಂದ ಹಾಗೇ ಜಾರಿಸಿದೆ. ಎರಡೂ ಎಡ. ಬಾಯಿ ತುಂಬ ಸೂಜಿ.

ಮಗುಚು, ಒಂದನ್ನು ಮಗುಚಿ ಹಾಕು, ಎಡ ಬಲವಾಗುತ್ತದೆ, ಇಗೋ, ಆಯಿತು, ಜೋಡಿ, ಎದುರುಬದುರು, ಒಳಮೈ ಹೊರಗೆ ಬರುತ್ತದೆ ಅಷ್ಟೇ, ಕಪ್ಪಿಗೆ ಕಪ್ಪು, ಯಾರಿಗೆ ಗೊತ್ತಾಗುತ್ತದೆ, ನ್ಯಾಯಾಧೀಶರು ಬಂದು ತೋಳು ಮುಟ್ಟಿ ನೋಡುತ್ತಾರೆಯೇ — ಕಿಟಕಿಗೆ ಹಿಡಿದೆ, ಬೆಳಕಿನಲ್ಲಿ ಒಂದಕ್ಕೆ ಸಣ್ಣ ಮಿನುಗು, ಇನ್ನೊಂದು ಸತ್ತ ಬಣ್ಣ, ಹೊಸ ಕೋಟಿಗೆ ಹಳೆಯ ತೋಳು ಹಚ್ಚಿದ ಹಾಗೆ, ಕೋಣೆಯೊಳಗೆ ಕಾಣುವುದಿಲ್ಲ, ಆದರೆ ಕೋರ್ಟಿಗೂ ಕಿಟಕಿಗಳಿರುತ್ತವೆ. ಅವಳು ಕಿಟಕಿಯ ಪಕ್ಕ ನಿಂತು ಮಾತಿಗೆ ಕೈ ಎತ್ತುತ್ತಾಳೆ, ಎದುರಿನ ವಕೀಲ ಅವಳ ಮುಖ ಬಿಟ್ಟು ತೋಳು ನೋಡುತ್ತಾನೆ, ಅವಳಿಗೂ ಅದು ತಿಳಿಯುತ್ತದೆ, ತಿಳಿದರೂ ಮನೆಗೆ ಬಂದು ನನಗೆ ಹೇಳುವುದಿಲ್ಲ, ಚೆನ್ನಾಗಿತ್ತಮ್ಮ ಅನ್ನುತ್ತಾಳೆ, ಆ ಸುಳ್ಳನ್ನು ನನ್ನಿಂದಲೇ ಕಲಿತಿದ್ದಾಳೆ. ಮತ್ತೆ ತಂಗಿ ಇದ್ದಾಳಲ್ಲ, ಕಣ್ಣಿಗೆ ಬಟ್ಟೆ ಕಟ್ಟಿದರೂ ಬೆರಳಿಗೆ ಗೊತ್ತಾಗುತ್ತದೆ ಅವಳಿಗೆ. ಬೇಡ, ಮಗುಚುವುದು ಬೇಡ, ಅಂಗಡಿಗೆ ಓಡು, ಅದೇ ಥಾನಿನಿಂದ ಒಂದು ತೋಳಿಗಾಗುವಷ್ಟು ತಾ — ಅಂಗಡಿ ಬೀದಿಯ ಆ ತುದಿ, ಓಡು ಅಂತೆ, ಮೆಟ್ಟಿಲಿಳಿದರೆ ಹತ್ತುವುದಾಗದು, ಇವಳು ಬಂದುಬಿಡುತ್ತಾಳೆ, ಈಗಲೇ ಬಂದರೂ ಬಂದಳೇ. ಚೂರು ಬಟ್ಟೆ, ಚೂರು ಬಟ್ಟೆಯ ಚೀಲದಲ್ಲಿ ಕಪ್ಪು ಇರಬಹುದು, ಎಂದೋ ಹೊಲಿದ ಕೋಟಿನದು, ಎರಡು ತುಂಡು ಸೇರಿಸಿ ಕಂಕುಳ ಕೆಳಗೆ ಜೋಡಿಸಿದರೆ ಕೈ ಎತ್ತಿದರೂ ಕಾಣದು.

ಚೀಲ ಇರುವುದು ತಂಗಿಯ ಮಷಿನ್ ಕೆಳಗೆ, ಅದು ಅವಳ ಸಾಮ್ರಾಜ್ಯ, ನಾನು ಅತ್ತ ಕೈ ಹಾಕಿದವಳಲ್ಲ, ಎಳೆದೆ, ಭಾರವಿದೆ, ಮಂಡಿಯೂರಿ ಕೂತು ಕೈ ಒಳಗೆ ತಳ್ಳಿದೆ, ಮೇಲೆಲ್ಲ ಪಟ್ಟಿ, ಚಿಂದಿ, ದಾರದ ಸಿಕ್ಕು, ಅದರ ಕೆಳಗೆ ಬೂದು ಬಣ್ಣದ್ದೊಂದು ದೊಡ್ಡ ತುಂಡು, ಚೂರಲ್ಲ, ಪ್ಯಾಂಟಿನ ಕಾಲಿನ ಪೂರಾ ಮುಂಭಾಗ, ಅಂಚಿನಲ್ಲಿ ಚಾಕಿನ ಸಣ್ಣ ಕತ್ತರಿಗುರುತು, ಆ ಗುರುತು ನನ್ನದು, ನಾನಲ್ಲದೆ ಯಾರೂ ಹಾಗೆ ಹಾಕುವುದಿಲ್ಲ. ಇದು ಯಾಕೆ ಇಲ್ಲಿದೆ. ಇದು ಬ್ಯಾಂಕಿನವರ ಪ್ಯಾಂಟು, ಹೊಲಿದು ಕೊಟ್ಟಾಯಿತಲ್ಲ, ತುಂಬಾ ಚೆನ್ನಾಗಿ ಬಂದಿದೆ ಎಂದು ಹೇಳಿ ಹೋದರಲ್ಲ — ಬೆಳಕಿಗೆ ಹಿಡಿದೆ, ಮೊಣಕಾಲಿನ ಹತ್ತಿರ ಒಂದು ಬೆರಳು ಒಳಗೆ ಹೋಗಿದೆ ಕತ್ತರಿ, ಯಾರೋ ಮೊಣಕೈಗೆ ತಾಗಿದ ಹಾಗೆ, ಯಾರೂ ತಾಗಿರಲಿಲ್ಲ. ಕೈ ಮತ್ತೆ ಒಳಗೆ. ನರ್ಸಮ್ಮನ ಬಿಳಿ ಅಂಗಿಯ ಕಾಲರು, ಗಿಡ್ಡ. ನೀಲಿ ಅಂಗಿಯ ಹೆಗಲು ತುಂಡು, ಪಟ್ಟೆ ಅಡ್ಡ ಹೋಗಬೇಕಾದಲ್ಲಿ ಉದ್ದ. ಯಾರದೋ ಕುರ್ತಾದ ತೋಳು, ಅದೂ ಎಡ. ಎಲ್ಲದರ ಮೇಲೂ ನನ್ನ ಗುರುತು, ಪುಟ್ಟ ಪುಟ್ಟ ಗುಣಾಕಾರ ಚಿಹ್ನೆಗಳು, ನೆಟ್ಟಗೆ, ನಂಬಿಕೆಯಿಂದ ಹಾಕಿದವು. ಇವೆಲ್ಲ ನಾನು ತಪ್ಪಿದ್ದು ಎಂದು ನನಗೇ ಗೊತ್ತಿಲ್ಲ, ತಪ್ಪಿದೆ, ಜೋಡಿಸಿಟ್ಟೆ, ಮನೆಗೆ ಹೋಗಿ ಮಲಗಿದೆ, ಅವಳು ಕಂಡಳು, ಗಿರಾಕಿ ತಂದ ಜಾಸ್ತಿ ಬಟ್ಟೆಯಲ್ಲಿ — ಓ. ಕುಗ್ಗುವುದು ಬಟ್ಟೆಯಲ್ಲ. ಅಕ್ಕ, ಸುಸ್ತಾಗಿರ್ತೀಯ, ನೀನು ಮನೆಗೆ ಹೋಗಿರು, ನಾನು ಕಸ ಗುಡಿಸಿ ಬರ್ತೀನಿ ಅನ್ನುತ್ತಿದ್ದಳಲ್ಲ, ಇದಕ್ಕೇ ಏನು, ಕತ್ತರಿ ಹಿಡಿಯಲು ಬಾರದವಳು ನನ್ನ ಪೇಪರ್ ಇಟ್ಟುಕೊಂಡು, ಹಳೆಯ ಮೊಂಡು ಕತ್ತರಿಯಲ್ಲಿ, ಯಾಕೆಂದರೆ ನನ್ನ ಕತ್ತರಿ ಮುಟ್ಟಬಾರದು ಎಂದು ನಾನೇ ವಿಧಿಸಿದ್ದೇನೆ, ಬಟ್ಟೆಯನ್ನು ಕಚ್ಚಿಕಚ್ಚಿ ಕತ್ತರಿಸಿರಬೇಕು.

ಸಿಟ್ಟು ಬರುತ್ತಿದೆ, ಯಾರ ಮೇಲೆ ಎಂದು ಗೊತ್ತಿಲ್ಲ, ನಾಚಿಕೆಗೂ ಇದೇ ಬಿಸಿ ಇರುತ್ತದೆ, ಕಿವಿ ಸುಡುತ್ತಿದೆ. ಒಂದು ಮಾತು ಹೇಳಬಾರದಿತ್ತೇ ನನಗೆ, ನನ್ನನ್ನೇನು ಮಗು ಅಂದುಕೊಂಡಳೇ — ಹೇಳಿದ್ದರೆ ನಾನು ಕೇಳುತ್ತಿದ್ದೆನೇ, ಅಂಗಡಿಯವನ ಎದುರಿಗೆ ಕೇಳಿದ ಹಾಗೆ ಕೇಳುತ್ತಿದ್ದೆ. ಚೀಲದ ತಳದಲ್ಲಿ ಕೈಗೆ ಹಳೆಯ ಪೇಪರಿನ ಪೊಟ್ಟಣ ತಾಗುತ್ತದೆ, ಗಟ್ಟಿಯಾಗಿ ಮಡಚಿದ್ದು, ಬಿಚ್ಚಬೇಡ ಅನ್ನುತ್ತದೆ ಮನಸ್ಸು, ಬೆರಳು ಆಗಲೇ ಬಿಚ್ಚಿಯಾಗಿದೆ. ಕಪ್ಪು. ಅದೇ ಕಪ್ಪು, ಅದೇ ಮಿನುಗು, ಅದೇ ಥಾನಿನದು, ನೀರಿನಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡಿ ಇಟ್ಟಿದ್ದಾಳೆ, ಹಾಸಿ ಅಳೆಯುವುದೇ ಬೇಡ, ಒಂದು ತೋಳಿಗೆ ಆಗುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನೂಲು ತಗೊಂಡು ಬರ್ತೀನಿ ಅಂತ ಬಟ್ಟೆ ಅಂಗಡಿಯಲ್ಲಿ ಹಿಂದುಳಿದಳಲ್ಲ. ನಾನು ಎರಡು ಅಂಗಡಿ ಮುಂದೆ ನಡೆದು, ಉಸಿರಿಗೆ ನಿಂತು, ಗೆದ್ದೆ ಎಂದುಕೊಂಡಿದ್ದೆ. ನನ್ನ ಮಗಳ ಕೋಟನ್ನು ನಾನು ಕೆಡಿಸುತ್ತೇನೆ ಎಂದು ಅವಳಿಗೆ ಆಗಲೇ ಗೊತ್ತಿತ್ತು, ಎಲ್ಲಿ ಕೆಡಿಸುತ್ತೇನೆ ಎಂದು ಕೂಡ. ಬಟ್ಟೆ ಸಿಕ್ಕಿತು, ಸೋಮವಾರ ಉಳಿಯಿತು, ಖುಷಿಯಾಗಬೇಕು ನನಗೆ, ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದೇನೆ, ಏಳಲು ಆಗುತ್ತಿಲ್ಲ. ಈಗಲೂ ಕತ್ತರಿಸಿಬಿಡಬಹುದು, ಕೆಟ್ಟದ್ದನ್ನು ಚೀಲಕ್ಕೆ ತುರುಕಿ, ಏನೂ ಆಗಿಲ್ಲದ ಹಾಗೆ ಜೋಡಿ ಇಟ್ಟು ಕೂರಬಹುದು, ಅವಳು ಚೀಲದಲ್ಲಿ ಬಟ್ಟೆ ಇಲ್ಲದ್ದನ್ನು ಕಂಡರೂ ಏನೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ, ಇಬ್ಬರೂ ಚೆನ್ನಾಗಿದ್ದೀವಿ ಎನ್ನುತ್ತಾ ಮುದುಕಿಯರಾಗಬಹುದು.

ಮೆಟ್ಟಿಲ ಮೇಲೆ ಚಪ್ಪಲಿ. ಅವಳು ಯಾವಾಗಲೂ ಮಾತಾಡುತ್ತಲೇ ಹತ್ತುತ್ತಾಳೆ, ಅಕ್ಕ, ಗುಂಡಿ ಸಿಕ್ತು ಕಣೇ, ಆ ಅಂಗಡಿಯವನು ಇದೇ ಕೊನೆ ಸೆಟ್ಟು ಅಂದ, ಲೈನಿಂಗು ಮಾತ್ರ ಸ್ವಲ್ಪ — ಬಾಗಿಲಲ್ಲಿ ನೆರಳು ಬಿತ್ತು, ಮಾತು ನಿಂತಿತು. ಮೇಜಿನ ಮೇಲಿನ ತೋಳುಗಳನ್ನು ನೋಡಿದಳು, ಸುತ್ತ ಹರಡಿದ ಬೂದು, ಬಿಳಿ, ನೀಲಿ ನೋಡಿದಳು, ನನ್ನ ತೊಡೆಯ ಮೇಲಿನ ಕಪ್ಪು ನೋಡಿದಳು, ಕೈಚೀಲ ಗೂಟಕ್ಕೆ ತೂಗುಹಾಕಿದಳು, ಎಂದಿನ ಹಾಗೆ, ನನ್ನ ಪಕ್ಕ ಬಂದು ನೆಲದ ಮೇಲೆ ಕೂತಳು. ಹೇಳು, ಹೇಳಿಬಿಡು, ಬಾಯಲ್ಲಿ ಸೂಜಿಯೇನೂ ಇಲ್ಲ ನಿನಗೆ. ನನ್ನ ಕೈಲಿ ಆಗ್ತಿಲ್ಲ ಕಣೇ. ಹೇಳಿದೆನೇ, ಹೇಳಿದೆ, ನನ್ನ ಧ್ವನಿಯೇ, ಕಿವಿಗೆ ಬಿತ್ತು, ತಲೆಯಲ್ಲಿ ಏನೂ ನಿಲ್ತಾ ಇಲ್ಲ, ಇರೋದು ಕೈಗೆ ಸಿಗ್ತಾ ಇಲ್ಲ, ನಾನು ಚೆನ್ನಾಗಿಲ್ಲ. ಅವಳು ಗುಂಡಿಯ ಪೊಟ್ಟಣವನ್ನು ನೆಲದ ಮೇಲಿಟ್ಟು ಅಂದಳು, ಗೊತ್ತು ಅಕ್ಕ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ.

ಅತ್ತೆನೇನೋ, ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು, ಒರಟಾಗಿ, ಚಿಕ್ಕವಳಿದ್ದಾಗ ನಾನು ಅವಳ ಮೂಗು ಒರೆಸುತ್ತಿದ್ದ ಹಾಗೆ, ಮತ್ತೆ ರಟ್ಟೆ ಹಿಡಿದು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದಳು. ನೀನು ಹೇಳ್ತಾ ಹೋಗು, ನಾನು ಕತ್ತರಿಸ್ತೀನಿ, ಸೋಮವಾರ ಅವಳು ಹಾಕ್ಕೊಂಡು ಹೋಗ್ಲಿ, ಮಿಕ್ಕಿದ್ದು ಆಮೇಲೆ ನೋಡೋಣ. ಮೊಂಡು ಕತ್ತರಿಗೆ ಕೈ ಹಾಕಿದಳು, ಅದು ಬೇಡ ಎಂದೆ, ಮಾಸ್ತರ ಕತ್ತರಿ ಎತ್ತಿ ಅವಳ ಕೈಗೆ ಕೊಟ್ಟೆ, ಇಷ್ಟು ಭಾರ ಇದೆಯಾ ಇದು ಅಂದಳು, ಹೌದು, ಭಾರವಿದೆ, ನಾನೂ ಈಚೆಗೆ ಕಂಡುಕೊಂಡೆ. ಕಪ್ಪು ಬಟ್ಟೆ ಹಾಸಿದಳು, ಹೊರಮೈ ಮೇಲಕ್ಕೆ, ಅಂಗೈಯಿಂದ ನೀವಿ ಸುಕ್ಕು ತೆಗೆದಳು, ಈಗ ಇದೇ ಕೊನೆಯ ಬಟ್ಟೆ, ಇನ್ನು ಚೀಲದಲ್ಲಿಲ್ಲ, ಅಂಗಡಿಯಲ್ಲೂ ಇದೆಯೋ ಇಲ್ಲವೋ. ತೋಳಿನ ಪೇಪರ್ ಹಿಡಿದಳು, ಬಟ್ಟೆಯ ಮೇಲಿಟ್ಟಳು, ತೆಗೆದಳು, ಮಗುಚಿದಳು, ಮತ್ತೆ ತೆಗೆದಳು, ಹೇಗಿಡ್ಲಿ ಅಕ್ಕ, ಹೀಗಾ, ಮಗುಚಿ ಹೀಗಾ. ಹೇಳಬೇಕು ನಾನು, ಗೊತ್ತು ನನಗೆ, ಈಗ ತಾನೇ ಗೊತ್ತಿತ್ತು, ಇಲ್ಲೇ ಎಲ್ಲೋ ಇದೆ, ನಾಲಿಗೆ ಹುಡುಕುತ್ತದೆ, ಈ ದವಡೆ, ಆ ದವಡೆ, ಅವಳು ಕತ್ತರಿಯ ಬಾಯಿ ತೆರೆದು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಹೀಗಾ ಅಕ್ಕ, ಹೀಗಾ, ಕೋರ್ಟಿನ ಮೆಟ್ಟಿಲು, ಕಪ್ಪು ಕೋಟು, ನನ್ನ ಮಗಳು ಎದ್ದು ನಿಲ್ಲುತ್ತಾಳೆ, ಒಂದು ಕೈ ಎತ್ತುತ್ತಾಳೆ, ಎಡಗೈ, ಇನ್ನೊಂದು ಕೈ ಎತ್ತುತ್ತಾಳೆ, ಅದೂ ಎಡಗೈ —